ಗರ್ಭಕೋಶದ ಬಾಯಿಗೆ ಚಿಕಿತ್ಸೆ ಆಯಿತು, ಮುಂದಿನ ಟೆಸ್ಟ್ ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

2018ರಲ್ಲಿ ನನಗೆ ಲೀಪ್ ಆಯಿತು, ಅಂದರೆ ಗರ್ಭಕೋಶದ ಬಾಯಿಯ ಕೆಟ್ಟ ಭಾಗವನ್ನು ಬಿಸಿ ತಂತಿಯಿಂದ ಕತ್ತರಿಸಿ ತೆಗೆದರು. ಆಗ ನನಗೆ 38 ವರ್ಷ. ಅದು ಹೇಗೋ ನಾಲ್ಕು ಜನಕ್ಕೆ ಗೊತ್ತಾಗಿ, ಓರಗಿತ್ತಿ, ಆಫೀಸಿನವರು, ಅವರ ಅಕ್ಕ ತಂಗಿಯರು, ಕೊನೆಗೆ ಮುಖ ನೋಡದವರು ಕೂಡ ಫೋನ್ ಮಾಡಿ ದನಿ ತಗ್ಗಿಸಿ ಕೇಳತೊಡಗಿದರು. ಹೆಚ್ಚುಕಮ್ಮಿ ಎಲ್ಲರದೂ ಅವೇ ಪ್ರಶ್ನೆಗಳು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದರೆ ಅವರ ಮಾತೇ ನಡೆಯಲಿ, ಆದರೆ ಯಾಕೆ ಹಾಗೆ ಅಂತ ಕೇಳಿ ತಿಳಿದುಕೊಳ್ಳಿ.

ನನಗಿದ್ದದ್ದು ಕ್ಯಾನ್ಸರಾ?

ಅಲ್ಲ. ರಿಪೋರ್ಟಿನಲ್ಲಿ ಸಿಐಎನ್ 2, ಸಿಐಎನ್ 3 ಅಥವಾ ಎಚ್‌ಎಸ್‌ಐಎಲ್ ಅಂತ ಇದ್ದರೆ, ಗರ್ಭಕೋಶದ ಬಾಯಿಯ ಮೇಲ್ಪದರದ ಜೀವಕೋಶಗಳು ಕೆಟ್ಟಿವೆ, ಆದರೆ ಪದರ ದಾಟಿ ಒಳಗೆ ಇಳಿದಿಲ್ಲ ಎಂದು ಅರ್ಥ. ಒಳಗೆ ಇಳಿದರೆ ಮಾತ್ರ ಕ್ಯಾನ್ಸರ್. ಸಿಐಎನ್ 1 ಆದರೆ ಸಾಮಾನ್ಯವಾಗಿ ಚಿಕಿತ್ಸೆಯನ್ನೇ ಕೊಡುವುದಿಲ್ಲ, ಅದು ತಾನಾಗಿ ಹೋಗುವುದೇ ಜಾಸ್ತಿ, ಸುಮ್ನೆ ಕಾದು ನೋಡುತ್ತಾರೆ. ಇದಕ್ಕೆಲ್ಲ ಮೂಲ ಎಚ್‌ಪಿವಿ ಎಂಬ ವೈರಸ್. ಅದರಲ್ಲಿ ಹಲವು ಬಗೆ ಇವೆ. 16 ಮತ್ತು 18 ಎಂಬ ಎರಡೇ ಬಗೆಗಳಿಂದ ಈ ಕ್ಯಾನ್ಸರಿನ 100ರಲ್ಲಿ ಸುಮಾರು 70 ಕೇಸು ಬರುತ್ತವೆ.

ಕೆಟ್ಟ ಭಾಗವನ್ನು ತೆಗೆದೇ ಬಿಟ್ಟರಲ್ಲ, ಮತ್ತೆ ಯಾಕೆ ಟೆಸ್ಟು?

ತೆಗೆದದ್ದು ಕೆಟ್ಟ ಚರ್ಮವನ್ನು. ವೈರಸ್ಸನ್ನು ಯಾರೂ ಚಾಕು ಹಾಕಿ ತೆಗೆಯಲು ಆಗುವುದಿಲ್ಲ. ಹೆಚ್ಚಿನವರಲ್ಲಿ ಕೆಟ್ಟ ಭಾಗ ಹೋದ ಮೇಲೆ ದೇಹವೇ ವೈರಸ್ಸನ್ನು ಹತ್ತಿಕ್ಕುತ್ತದೆ. ಕೆಲವರಲ್ಲಿ ಹಾಗಾಗುವುದಿಲ್ಲ. ಕೆಲವರಲ್ಲಿ ಸಣ್ಣ ಚೂರು ಒಳಗಡೆ, ಕಣ್ಣಿಗೆ ಕಾಣದ ಕಡೆ ಉಳಿದಿರುತ್ತದೆ. ಒಟ್ಟಾರೆ ಚಿಕಿತ್ಸೆ ಆದ 100 ಜನರಲ್ಲಿ 5ರಿಂದ 15 ಜನರಿಗೆ ಉಳಿದಿರಬಹುದು ಅಥವಾ ಮತ್ತೆ ಬರಬಹುದು.

ಇಲ್ಲೊಂದು ಹಳೇ ಕಥೆ ಹೇಳಬೇಕು. ನ್ಯೂಜಿಲೆಂಡಿನ ಆಕ್ಲೆಂಡ್‌ನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ 1960ರ ದಶಕದಿಂದ ಸಿಐಎನ್ 3 ಇದ್ದ ಕೆಲವು ಹೆಂಗಸರಿಗೆ ಸರಿಯಾಗಿ ಚಿಕಿತ್ಸೆ ಕೊಡದೆ, ಅವರಿಗೆ ಸರಿಯಾಗಿ ತಿಳಿಸದೆ, ಬರೀ ನೋಡುತ್ತಾ ಕೂತರು. ಆಮೇಲೆ ದೊಡ್ಡ ಗಲಾಟೆಯಾಗಿ 1988ರಲ್ಲಿ ವಿಚಾರಣಾ ವರದಿ ಬಂತು. ಆ ಹೆಂಗಸರ ದಾಖಲೆಗಳನ್ನೆಲ್ಲ ಮತ್ತೆ ತೆಗೆದು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದರು. ಬಯಾಪ್ಸಿ ಮಾತ್ರ ಮಾಡಿ ಬಿಟ್ಟವರಲ್ಲಿ 30 ವರ್ಷದೊಳಗೆ 100ಕ್ಕೆ 31 ಜನರಿಗೆ ಕ್ಯಾನ್ಸರ್ ಬಂದಿತ್ತು. ಸರಿಯಾಗಿ ಚಿಕಿತ್ಸೆ ಆಗಿ, ಆಮೇಲೂ ನೋಡಿಕೊಂಡವರಲ್ಲಿ 100ಕ್ಕೆ ಒಬ್ಬರಿಗಿಂತಲೂ ಕಡಿಮೆ. ಈ ಎರಡು ಅಂಕಿ ಓದಿದ ದಿನ ನಾನು ನನ್ನ ಮುಂದಿನ ಟೆಸ್ಟಿನ ತಾರೀಕನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕದಲ್ಲೇ.

ಮೊದಲ ಟೆಸ್ಟ್ ಯಾವಾಗ?

ಅಮೆರಿಕದ ಎಎಸ್‌ಸಿಸಿಪಿ ಸಂಸ್ಥೆಯ 2019ರ ಮಾರ್ಗಸೂಚಿ 6 ತಿಂಗಳಿಗೆ ಎನ್ನುತ್ತದೆ. ಇಂಗ್ಲೆಂಡಿನಲ್ಲೂ 6 ತಿಂಗಳಿಗೇ. ವಿಶ್ವ ಆರೋಗ್ಯ ಸಂಸ್ಥೆ 12 ತಿಂಗಳಿಗೆ ಎನ್ನುತ್ತದೆ. ನಮ್ಮಲ್ಲಿ ಡಾಕ್ಟರುಗಳು 6 ತಿಂಗಳು ಅನ್ನುವವರೂ ಇದ್ದಾರೆ, ವರ್ಷ ಅನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ಹೇಳಿದರೂ ಗಾಬರಿ ಬೇಡ. "ಏನಾದರೂ ತೊಂದರೆ ಆದರೆ ಬನ್ನಿ" ಎಂದು ಮಾತ್ರ ಹೇಳಿ ಕಳಿಸಿದರೆ ಬೇರೆ ಡಾಕ್ಟರನ್ನು ನೋಡಿ. ಯಾಕೆಂದರೆ ಇದು ಮರಳಿ ಬಂದರೂ ತೊಂದರೆ ಅಂತ ಒಂದೂ ಕಾಣಿಸುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ಬಿಳಿ ಸೆರಗಿಲ್ಲ.

ಮುಂದಿನ ತಿಂಗಳೇ ಮಾಡಿಸಿಬಿಟ್ಟರೆ ಮನಸ್ಸಿಗೆ ಸಮಾಧಾನ ಅಲ್ವಾ?

ಸಮಾಧಾನ ಸಿಗುವುದಿಲ್ಲ, ಗೊಂದಲ ಸಿಗುತ್ತದೆ. ಗಾಯ ಮಾಯುವಾಗ ಹುಟ್ಟುವ ಹೊಸ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ವಿಚಿತ್ರವಾಗಿಯೇ ಕಾಣುತ್ತವೆ. ವೈರಸ್ ಹೋಗಲೂ ತಿಂಗಳುಗಳು ಬೇಕು. ಬೇಗ ಮಾಡಿಸಿದರೆ ಸುಮ್ಮಸುಮ್ಮನೆ ಪಾಸಿಟಿವ್ ಬಂದು, ನಿದ್ದೆಗೆಟ್ಟು, ಮತ್ತೊಮ್ಮೆ ಕಾಲ್ಪೊಸ್ಕೊಪಿಗೆ (ಗರ್ಭಕೋಶದ ಬಾಯಿಯನ್ನು ದೊಡ್ಡದು ಮಾಡಿ ನೋಡುವ ತಪಾಸಣೆ) ಹೋಗುವ ಹಾಗಾಗುತ್ತದೆ. ಕಾಯಿರಿ.

ಆಮೇಲೆ ಎಷ್ಟು ವರ್ಷ ಮಾಡಿಸುತ್ತಿರಬೇಕು?

ಈ ಉತ್ತರ ಕೇಳಿ ಎಲ್ಲರೂ "ಅಯ್ಯೋ" ಎನ್ನುತ್ತಾರೆ. ಅಮೆರಿಕದ ಕ್ರಮದ ಪ್ರಕಾರ 25 ವರ್ಷ. ಆದರೆ ಎದೆ ಒಡೆದುಕೊಳ್ಳಬೇಡಿ, ಅದು ಲೆಕ್ಕ ಹಾಕಿದರೆ ಅಷ್ಟೊಂದು ಟೆಸ್ಟ್ ಆಗುವುದಿಲ್ಲ. ಮೊದಲು 6 ತಿಂಗಳಿಗೆ ಒಂದು ಎಚ್‌ಪಿವಿ ಟೆಸ್ಟ್. ಆಮೇಲೆ ವರ್ಷಕ್ಕೊಂದು. ಸತತ ಮೂರು ನೆಗೆಟಿವ್ ಬಂದ ಮೇಲೆ ಮೂರು ವರ್ಷಕ್ಕೊಂದು. ಮೂರು ವರ್ಷಕ್ಕೊಂದು ಎಂದರೆ ಮಕ್ಕಳ ಆಧಾರ್ ತಿದ್ದಿಸಲು ಹೋಗುವುದಕ್ಕಿಂತ ಕಡಿಮೆ.

ಎಚ್‌ಪಿವಿ ಟೆಸ್ಟ್ ಸಿಗದೆ ಬರೀ ಪ್ಯಾಪ್ ಸ್ಮಿಯರ್ (ವೈರಸ್ಸಲ್ಲ, ಜೀವಕೋಶ ನೋಡುವ ಟೆಸ್ಟ್) ಮಾಡಿಸುವವರಾದರೆ ಅಂತರ ಕಿರಿದಾಗುತ್ತದೆ. ಎಚ್‌ಪಿವಿಯಲ್ಲಿ ವರ್ಷಕ್ಕೊಮ್ಮೆ ಇರುವ ಕಡೆ ಪ್ಯಾಪ್ ಆರು ತಿಂಗಳಿಗೊಮ್ಮೆ, ಅಲ್ಲಿ ಮೂರು ವರ್ಷ ಇರುವ ಕಡೆ ಇಲ್ಲಿ ವರ್ಷಕ್ಕೊಮ್ಮೆ.

65 ದಾಟಿದರೆ ನಿಲ್ಲಿಸಬಹುದು ಎಂದು ಎಲ್ಲೋ ಓದಿರುತ್ತೀರಿ. ಅದು ಯಾವತ್ತೂ ತೊಂದರೆ ಬಾರದವರಿಗೆ. ನಮಗೆ 25 ವರ್ಷದ ಲೆಕ್ಕ ಮೊದಲು ಮುಗಿಯಬೇಕು. ನನಗೆ ಅದು ಮುಗಿಯುವುದು 63ಕ್ಕೆ. 50ನೇ ವಯಸ್ಸಿನಲ್ಲಿ ಲೀಪ್ ಆದವರಿಗೆ 75ಕ್ಕೆ.

ಪ್ಯಾಪ್, ಎಚ್‌ಪಿವಿ, ವಿನೆಗರ್ ಟೆಸ್ಟ್, ಇವುಗಳಲ್ಲಿ ಯಾವುದು?

ಚಿಕಿತ್ಸೆ ಆದವರಿಗೆ ಎಚ್‌ಪಿವಿ ಟೆಸ್ಟೇ ಒಳ್ಳೆಯದು. ಪ್ಯಾಪ್ ಅಂದರೆ ಜೀವಕೋಶಗಳನ್ನು ಗಾಜಿನ ಮೇಲೆ ಹಚ್ಚಿ ಒಬ್ಬರು ಕಣ್ಣಿಂದ ನೋಡಿ ಹೇಳುವುದು. ತೆಗೆದ ಮಾದರಿ ಚೆನ್ನಾಗಿರಬೇಕು, ನೋಡುವವರ ಕಣ್ಣೂ ಪಳಗಿರಬೇಕು. ಎಚ್‌ಪಿವಿ ಟೆಸ್ಟ್ ವೈರಸ್ಸಿನ ಡಿಎನ್‌ಎಯನ್ನೇ ಹುಡುಕುತ್ತದೆ. ತಪ್ಪಿಸಿಕೊಳ್ಳುವುದು ಕಡಿಮೆ. ಅದು ನೆಗೆಟಿವ್ ಬಂದರೆ ಧೈರ್ಯವಾಗಿ ಇರಬಹುದು.

ಈ ಟೆಸ್ಟಿನ ಮೇಲಿನ ನಂಬಿಕೆಗೆ ನಮ್ಮ ಪಕ್ಕದ ಮಹಾರಾಷ್ಟ್ರವೇ ಸಾಕ್ಷಿ ಕೊಟ್ಟಿದೆ. ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1 ಲಕ್ಷದ 30 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅದು ಚಿಕಿತ್ಸೆ ಆಗದವರ ತಪಾಸಣೆ, ನಿಜ. ಆದರೂ ಟೆಸ್ಟಿನ ಕಣ್ಣು ಎಷ್ಟು ಚುರುಕು ಅಂತ ಗೊತ್ತಾಗುತ್ತದೆ.

ವಿನೆಗರ್ ಟೆಸ್ಟ್, ಅಂದರೆ ವಿಐಎ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಕ್ಯಾಂಪುಗಳಲ್ಲಿ ಮಾಡುತ್ತಾರೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ. ಅದು ಎಲ್ಲರಿಗೂ ಮಾಡುವ ತಪಾಸಣೆ. ಲೀಪ್ ಆದ ಮೇಲೆ ನೋಡಬೇಕಾದ ಜಾಗ ಎಷ್ಟೋ ಸಲ ಒಳಗೆ ಸರಿದುಹೋಗಿರುತ್ತದೆ, ಹೊರಗಿನಿಂದ ವಿನೆಗರ್ ಹಚ್ಚಿ ನೋಡಿದರೆ ಕಾಣುವುದೇ ಇಲ್ಲ. ಆಶಾ ಕಾರ್ಯಕರ್ತೆ ಕರೆದರೆ ಹೋಗಿ, ಆದರೆ "ನನಗೆ ಚಿಕಿತ್ಸೆ ಆಗಿದೆ" ಅಂತ ಮೊದಲೇ ಹೇಳಿ. ಬೇರೆ ಏನೂ ಸಿಗದ ಊರಿನಲ್ಲಿ ಇದ್ದರೆ ಏನೂ ಮಾಡಿಸದೆ ಇರುವುದಕ್ಕಿಂತ ಅದೇ ವಾಸಿ.

ಮನೆಯಲ್ಲೇ ಮಾದರಿ ತೆಗೆದುಕೊಳ್ಳುವ ಕಿಟ್ ಬಂದಿದೆಯಂತೆ?

ಬಂದಿದೆ, ಒಳ್ಳೆಯದೇ. ಆದರೆ ಚಿಕಿತ್ಸೆ ಆದವರಿಗೆ ಡಾಕ್ಟರ್ ಅಥವಾ ನರ್ಸ್ ಗರ್ಭಕೋಶದ ಬಾಯಿಯಿಂದಲೇ ತೆಗೆದ ಮಾದರಿ ಮೇಲು.

"ಮಾರ್ಜಿನ್ ಇನ್ವಾಲ್ವ್ಡ್" ಅಂತ ಬರೆದಿದ್ದಾರೆ. ಏನರ್ಥ?

ಇದಕ್ಕೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನನ್ನದೇ ಕಥೆ.

ಲೀಪ್‌ನಲ್ಲಿ ಬಿಸಿ ತಂತಿಯ ಕುಣಿಕೆಯಿಂದ ಒಂದು ತುಂಡು ಕತ್ತರಿಸಿ ತೆಗೆಯುತ್ತಾರೆ. ಹಪ್ಪಳದಷ್ಟು ದೊಡ್ಡದೇನಲ್ಲ, ಬೆರಳ ತುದಿಯಷ್ಟು. ಅದನ್ನು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ತುಂಡಿನ ಅಂಚಿನವರೆಗೂ ಕೆಟ್ಟ ಜೀವಕೋಶ ಇದೆಯೋ, ಅಂಚಿಗೆ ಮೊದಲೇ ಮುಗಿದಿದೆಯೋ ಅಂತ ನೋಡುತ್ತಾರೆ. ಬದನೆಕಾಯಿಯಲ್ಲಿ ಹುಳು ತಿಂದ ಭಾಗ ಕತ್ತರಿಸುವಾಗ ನೀವೂ ಇದನ್ನೇ ಮಾಡುತ್ತೀರಿ. ಕತ್ತರಿಸಿದ ಅಂಚು ಬೆಳ್ಳಗಿದ್ದರೆ ಸರಿ. ಅಂಚಿನಲ್ಲೇ ಕಪ್ಪು ಕಂಡರೆ ಉಳಿದ ಕಾಯಿಯಲ್ಲೂ ಇರಬಹುದು ಅಂತ ಅನುಮಾನ. ರಿಪೋರ್ಟಿನಲ್ಲಿ ಎಕ್ಟೊಸರ್ವೈಕಲ್ ಎಂದರೆ ಹೊರ ಅಂಚು, ಎಂಡೊಸರ್ವೈಕಲ್ ಎಂದರೆ ಒಳಗಿನ ಕಾಲುವೆ ಕಡೆಯ ಅಂಚು. ಒಳ ಅಂಚಿನಲ್ಲಿ ಇದ್ದರೆ ಸ್ವಲ್ಪ ಹೆಚ್ಚು ಎಚ್ಚರ ಬೇಕು, ಅಲ್ಲಿ ಕಣ್ಣು ಹಾಯುವುದಿಲ್ಲ.

ನನಗೆ ಮಾಡಿದ ನರ್ಸಿಂಗ್ ಹೋಮಿನಲ್ಲಿ "ಎಲ್ಲಾ ಸರಿಯಾಗಿದೆ, ವರ್ಷ ಬಿಟ್ಟು ಬೇಕಿದ್ದರೆ ಬನ್ನಿ" ಎಂದರು. ರಿಪೋರ್ಟ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ಇನ್ಷೂರೆನ್ಸಿನವರು ಕಾಗದ ಕೇಳಿದರು ಅಂತ ಲ್ಯಾಬಿನ ಕೌಂಟರಿಗೆ ಹೋದೆ. ಎರಡು ಹಾಳೆ. ಮೊದಲ ಹಾಳೆಯಲ್ಲಿ ಸಿಐಎನ್ 3. ಎರಡನೇ ಹಾಳೆಯ ಕೆಳಗೆ, ಸಹಿಗಿಂತ ಒಂದು ಸಾಲು ಮೇಲೆ, ಎಂಡೊಸರ್ವೈಕಲ್ ಮಾರ್ಜಿನ್ ಇನ್ವಾಲ್ವ್ಡ್. ಲ್ಯಾಬಿನ ಹುಡುಗ ಸ್ಟೇಪ್ಲರ್ ಹೊಡೆದು ಕವರಿಗೆ ಹಾಕಿಕೊಟ್ಟ. ನಾನು ಆಟೋದಲ್ಲಿ ಕೂತು ಫೋನಿನಲ್ಲಿ ಅರ್ಥ ಹುಡುಕಿದೆ. ಹಾಗೆ ಮಾಡಬಾರದು, ಆದರೆ ಎಲ್ಲರೂ ಮಾಡುತ್ತಾರೆ.

ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಎರಡು ಹಾಳೆಯನ್ನೂ ಪೂರ್ತಿ ಓದಿ ಹೇಳಿದ್ದು ಇಷ್ಟು: ಅಂಚಿನಲ್ಲಿ ಇದ್ದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಆದರೂ ಅಂಥವರಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಸುಟ್ಟ ಗಾಯದ ಬಿಸಿಗೆ ಅಂಚಿನಲ್ಲಿದ್ದದ್ದೂ ಸತ್ತಿರಬಹುದು. ಹಾಗಾಗಿ ತಕ್ಷಣ ಮತ್ತೆ ಕತ್ತರಿಸಲೇಬೇಕು ಅಂತಿಲ್ಲ. 6 ತಿಂಗಳಿಗೆ ತಪ್ಪದೆ ಟೆಸ್ಟ್ ಮಾಡಿ ನೋಡುವುದು ಒಂದು ದಾರಿ, ವಯಸ್ಸು ಮತ್ತು ಮಕ್ಕಳ ಯೋಚನೆ ನೋಡಿಕೊಂಡು ಇನ್ನೊಮ್ಮೆ ಲೀಪ್ ಮಾಡುವುದು ಇನ್ನೊಂದು ದಾರಿ. ನಾನು ಮೊದಲನೆಯದನ್ನು ಆರಿಸಿಕೊಂಡೆ. ನೆಗೆಟಿವ್ ಬಂತು. ವರ್ಷ ಬಿಟ್ಟು ಹೋಗಿದ್ದರೂ ನೆಗೆಟಿವ್ವೇ ಬರುತ್ತಿತ್ತೇನೋ. ಆದರೆ ನನ್ನದೇ ದೇಹದ ವಿಷಯ ಲ್ಯಾಬಿನ ಡ್ರಾಯರಿನಲ್ಲಿ ಮೂರು ತಿಂಗಳು ಬಿದ್ದಿತ್ತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ರಿಪೋರ್ಟ್ ಕೈಗೆ ಬರದೆ ಚಿಕಿತ್ಸೆ ಮುಗಿಯಿತು ಅಂತ ತಿಳಿಯಬೇಡಿ. ಎರಡೂ ಹಾಳೆ ಓದಿಸಿ.

ನನಗೆ ಲೀಪ್ ಅಲ್ಲ, ತಣ್ಣನೆಯ ಗ್ಯಾಸ್ ಕೊಟ್ಟರು. ಮಾರ್ಜಿನ್ ರಿಪೋರ್ಟೇ ಇಲ್ಲವಲ್ಲ?

ಅದು ಕ್ರಯೊ. ಬಿಸಿ ಕೊಟ್ಟು ಸುಡುವುದೂ ಇದೆ, ಥರ್ಮಲ್ ಅಬ್ಲೇಶನ್ ಅಂತ. ಇವೆರಡರಲ್ಲೂ ಕೆಟ್ಟ ಭಾಗವನ್ನು ಅಲ್ಲೇ ಕೊಲ್ಲುತ್ತಾರೆ, ತುಂಡು ಹೊರಗೆ ಬರುವುದಿಲ್ಲ. ಲ್ಯಾಬಿಗೆ ಕಳಿಸಲು ಏನೂ ಇರುವುದಿಲ್ಲ. ಪೂರ್ತಿ ಹೋಯಿತೋ ಇಲ್ಲವೋ ಎಂದು ಹೇಳುವುದು ಮುಂದಿನ ಟೆಸ್ಟ್ ಮಾತ್ರ. ಅಂದಮೇಲೆ ನಿಮಗೆ ಆ ತಾರೀಕು ನನಗಿಂತಲೂ ಮುಖ್ಯ.

ಟೆಸ್ಟ್ ದಿನ ಏನು ಮಾಡುತ್ತಾರೆ? ನೋವಾಗುತ್ತಾ?

ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಹಿಂದಿನ ಎರಡು ದಿನ ಒಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ. ಖಾಲಿ ಹೊಟ್ಟೆ ಬೇಕಿಲ್ಲ. ಮೂತ್ರ ಮಾಡಿ ಹೋಗಿ. ಸೀರೆಯೋ ಅಗಲದ ಲಂಗವೋ ಉಟ್ಟು ಹೋದರೆ ಸುಲಭ, ನಾನು ಮೊದಲ ಸಲ ಬಿಗಿ ಲೆಗ್ಗಿಂಗ್ಸ್ ಹಾಕಿಕೊಂಡು ಹೋಗಿ ಪರದೆ ಹಿಂದೆ ಒಂಟಿ ಕಾಲಲ್ಲಿ ಕುಣಿದಿದ್ದೇನೆ.

ಮಲಗಿಸಿ, ಮೊಣಕಾಲು ಮಡಚಿಸಿ, ಸ್ಪೆಕ್ಯುಲಮ್ ಎಂಬ ಬಾತುಕೋಳಿ ಕೊಕ್ಕಿನಂಥ ಸಲಕರಣೆ ಹಾಕುತ್ತಾರೆ. ಸ್ಟೀಲಿನದಾದರೆ ತಣ್ಣಗೆ ಅನ್ನಿಸುತ್ತದೆ. "ಉಸಿರು ಬಿಡಮ್ಮ, ಸೊಂಟ ಕೆಳಗೆ ಬಿಡು" ಎಂದು ಸಿಸ್ಟರ್ ಹೇಳುತ್ತಾರೆ. ಅವರು ಹೇಳಿದ ಹಾಗೆ ನಿಜವಾಗಿಯೂ ಉಸಿರು ಬಿಟ್ಟರೆ ಅರ್ಧ ನೋವು ಇಲ್ಲ. ಆಮೇಲೆ ಚಿಕ್ಕ ಬ್ರಶ್ ಇಟ್ಟು ತಿರುಗಿಸುತ್ತಾರೆ, ಔಷಧಿ ನೀರಿರುವ ಡಬ್ಬಿಗೆ ಅದ್ದುತ್ತಾರೆ. ಎರಡು ನಿಮಿಷ. ಆ ಸಂಜೆ ಒಂದೆರಡು ಹನಿ ರಕ್ತ ಕಾಣಬಹುದು.

ಲೀಪ್ ಆದ ಕೆಲವರಲ್ಲಿ ಗರ್ಭಕೋಶದ ಬಾಯಿ ಕಿರಿದಾಗಿ, ಬ್ರಶ್ ಒಳಗೆ ಹೋಗುವುದು ಕಷ್ಟವಾಗುತ್ತದೆ. ಮುಟ್ಟಿನ ರಕ್ತ ಕಮ್ಮಿಯಾಗಿ ಹೊಟ್ಟೆನೋವು ಜಾಸ್ತಿಯಾಗಿದ್ದರೆ ಅದನ್ನೂ ಹೇಳಿ. "ಮಾದರಿ ಸಾಲದು" ಅಂತ ರಿಪೋರ್ಟ್ ಬಂದರೆ ಅದು ನೆಗೆಟಿವ್ ಅಲ್ಲ. ಮತ್ತೆ ಕೊಡಬೇಕು.

6 ತಿಂಗಳಿಗೆ ಎಚ್‌ಪಿವಿ ಪಾಸಿಟಿವ್ ಬಂತು. ಮುಗಿಯಿತಾ ನನ್ನ ಕಥೆ?

ಇಲ್ಲ. ಪಾಸಿಟಿವ್ ಅಂದರೆ ವೈರಸ್ ಇನ್ನೂ ಇದೆ ಅಂತ ಮಾತ್ರ. ಜೀವಕೋಶ ಮತ್ತೆ ಕೆಟ್ಟಿದೆಯೋ ಎಂದು ನೋಡಲು ಕಾಲ್ಪೊಸ್ಕೊಪಿ ಮಾಡುತ್ತಾರೆ. ದೂರದಿಂದಲೇ ದೊಡ್ಡದು ಮಾಡಿ ತೋರಿಸುವ ದುರ್ಬೀನಿನಂಥದ್ದು. ಮೊದಲು ವಿನೆಗರ್ ಹಚ್ಚುತ್ತಾರೆ, ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್, ಆರೋಗ್ಯವಾಗಿರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಅನುಮಾನದ್ದು ಹಳದಿಯಾಗಿ ಉಳಿಯುತ್ತದೆ. ಬೇಕೆನಿಸಿದರೆ ಬಯಾಪ್ಸಿ, ಒಳಗಿನ ಕಾಲುವೆಯಿಂದ ಸ್ವಲ್ಪ ಕೆರೆದು ತೆಗೆಯುವುದು. ಏನೂ ಇಲ್ಲ ಅಂತಾದರೆ ಮತ್ತೆ ಕಾಯುವುದು, ಮತ್ತೆ ಟೆಸ್ಟ್. ಇದ್ದರೆ ಇನ್ನೊಮ್ಮೆ ಚಿಕಿತ್ಸೆ. ಎರಡನೇ ಸಲ ಲೀಪ್ ಆಗಿ ಆರಾಮಾಗಿ ಇರುವವರು ಬೇಕಾದಷ್ಟು ಜನ ಇದ್ದಾರೆ.

ಪ್ಯಾಪ್ ನಾರ್ಮಲ್ ಇದೆ, ಎಚ್‌ಪಿವಿ ಮಾತ್ರ ಪಾಸಿಟಿವ್ ಅಂದರೂ ಚಿಕಿತ್ಸೆ ಆದವರಿಗೆ ಕಾಲ್ಪೊಸ್ಕೊಪಿ ಬೇಕು. "ಪ್ಯಾಪ್ ಚೆನ್ನಾಗಿದೆ, ಬಿಡಿ" ಅಂದರೆ ಬಿಡಬೇಡಿ.

ಇದು ನನ್ನ ಗಂಡನಿಂದ ಬಂತಾ? ಅವರಿಗೂ ಟೆಸ್ಟ್ ಮಾಡಿಸಬೇಕಾ?

ಗಂಡಸರಿಗೆ ಇದಕ್ಕೆ ಅಂತ ಒಪ್ಪಿತವಾದ ಟೆಸ್ಟ್ ಇಲ್ಲ. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಲ್ಯಾಬೂ ಹೇಳಲಾರದು. ದೇಹ ಸಂಬಂಧ ಇರುವ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ, ವರ್ಷಗಟ್ಟಲೆ ಸುಮ್ಮನೆ ಮಲಗಿರಲೂಬಹುದು. ಇವತ್ತು ಪಾಸಿಟಿವ್ ಬಂದರೆ ನಿನ್ನೆ ಮೊನ್ನೆ ಏನೋ ನಡೆಯಿತು ಎಂದಲ್ಲ. ಈ ಒಂದು ಕಾಗದಕ್ಕೆ ಮನೆಯಲ್ಲಿ ಮಾತು ಬಿಟ್ಟವರನ್ನು ನೋಡಿದ್ದೇನೆ. ಅತ್ತೆ ಸೊಸೆಯ ಮೇಲೆ ಅನುಮಾನ ಪಟ್ಟದ್ದನ್ನೂ ಕೇಳಿದ್ದೇನೆ. ಆ ಮನೆಗೆ ಒಬ್ಬ ನರ್ಸ್ ಹೋಗಿ ಕೂತು ಅರ್ಧ ಗಂಟೆ ಮಾತಾಡಿದ ಮೇಲೆ ಸರಿ ಹೋಯಿತು. ಕಾಂಡೋಮ್ ಬಳಸಿದರೆ ಹರಡುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಈಗ ಲಸಿಕೆ ಹಾಕಿಸಿಕೊಂಡರೆ ಉಪಯೋಗ ಇದೆಯಾ?

ಇರುವ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ. ಹೊಸದಾಗಿ ಬರುವುದನ್ನು ತಡೆಯುತ್ತದೆ. ಚಿಕಿತ್ಸೆ ಆದವರಿಗೆ ಹಾಕಿದರೆ ಮತ್ತೆ ಬರುವುದು ಕಡಿಮೆಯಾಗಬಹುದು ಎಂದು ಕೆಲವು ಅಧ್ಯಯನಗಳು ಹೇಳಿವೆ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ, ಮೊದಲು ಹಾಕಿಸಿಕೊಳ್ಳದ 27ರಿಂದ 45 ವಯಸ್ಸಿನವರಿಗೆ ಇದನ್ನು ಯೋಚಿಸಬಹುದು ಎನ್ನುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದ್ದು 9ರಿಂದ 26 ವಯಸ್ಸಿನವರಿಗೆ. ಹಾಕಿಸಿಕೊಂಡರೂ ಟೆಸ್ಟಿಗೆ ರಜೆ ಇಲ್ಲ. ನಾನು ಹಾಕಿಸಿಕೊಳ್ಳಲಿಲ್ಲ, ಮಗಳಿಗೆ ಹಾಕಿಸಿದೆ.

ಇಷ್ಟೆಲ್ಲ ತಲೆನೋವು ಯಾಕೆ, ಗರ್ಭಕೋಶವನ್ನೇ ತೆಗೆಸಿಬಿಡುತ್ತೇನೆ

ನಮ್ಮ ಕಡೆ ಇದು ಬಹಳ ಸಲೀಸಾಗಿ ಬಾಯಿಗೆ ಬರುವ ಮಾತು. ಮಕ್ಕಳಾಯಿತಲ್ಲ, ಇನ್ಯಾಕೆ ಅದು ಅಂತ. ಸಿಐಎನ್‌ಗೆ ಮೊದಲ ಚಿಕಿತ್ಸೆಯಾಗಿ ಗರ್ಭಕೋಶ ತೆಗೆಯುವುದು ದೊಡ್ಡ ಆಪರೇಷನ್, ಬೇಕಾಗುವುದು ಕೆಲವರಿಗಷ್ಟೇ. ಗ್ರಂಥಿಯ ಜೀವಕೋಶಗಳಲ್ಲಿ ಆಗುವ ಎಐಎಸ್ ಎಂಬ ಬೇರೆ ಬಗೆ ಇದೆ, ಮಕ್ಕಳು ಸಾಕು ಎಂದವರಿಗೆ ಅದರಲ್ಲಿ ಡಾಕ್ಟರುಗಳೇ ಇದನ್ನು ಹೇಳುತ್ತಾರೆ. ಮತ್ತೆ ಮತ್ತೆ ಬಂದವರಿಗೂ ಹೇಳಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇನ್ನೊಂದಿದೆ. ಸಿಐಎನ್ 2 ಅಥವಾ 3 ಇದ್ದು ಗರ್ಭಕೋಶ ತೆಗೆಸಿದರೂ ಟೆಸ್ಟ್ ತಪ್ಪುವುದಿಲ್ಲ. ಯೋನಿಯ ಮೇಲ್ತುದಿಯಲ್ಲಿ ಅದೇ ಬದಲಾವಣೆ ಬರಬಹುದು. ಅಲ್ಲಿಂದ ಮಾದರಿ ತೆಗೆದು ವರ್ಷಕ್ಕೊಂದರಂತೆ ಮೂರು ಸಲ, ಆಮೇಲೆ ಮೂರು ವರ್ಷಕ್ಕೊಂದರಂತೆ 25 ವರ್ಷ ನೋಡಬೇಕು ಎಂದೇ ಅದೇ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಫೈಬ್ರಾಯ್ಡ್‌ಗೆ ತೆಗೆಸಿದವರಿಗೆ, ಯಾವತ್ತೂ ಸಿಐಎನ್ ಇಲ್ಲದಿದ್ದವರಿಗೆ, ಇದು ಬೇಡ. ಅವರ ಮಾತು ಕೇಳಿ ನೀವು ನಿಲ್ಲಿಸಬೇಡಿ.

ಇನ್ನೊಂದು ಮಗು ಬೇಕು ಅಂತಿದ್ದೇವೆ

ಆಗಬಹುದು. ಲೀಪ್‌ನಿಂದ ಬಸುರಾಗುವುದು ನಿಲ್ಲುವುದಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ತುಂಡು ಎಷ್ಟು ಆಳಕ್ಕೆ ತೆಗೆದಿದ್ದಾರೆ ಎನ್ನುವುದರ ಮೇಲೆ ಅದು ನಿಂತಿದೆ. 10 ಮಿಲಿಮೀಟರಿಗಿಂತ ಆಳ ಇದ್ದರೆ ಎಚ್ಚರ ಹೆಚ್ಚು ಬೇಕು. ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ, ಐದನೇ ತಿಂಗಳ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಬಾಯಿಯ ಉದ್ದ ಅಳೆದು ನೋಡುತ್ತಾರೆ. ಟೆಸ್ಟಿನ ತಾರೀಕು ಬಸಿರಿನಲ್ಲೇ ಬಿದ್ದರೆ ನೀವಾಗಿ ಮುಂದೂಡಬೇಡಿ, ಕೇಳಿ. ಮಾದರಿ ತೆಗೆಯಬಹುದು, ಒಳಗೆ ಕೆರೆಯುವುದನ್ನು ಮಾತ್ರ ಮಾಡುವುದಿಲ್ಲ.

ಮುಟ್ಟು ನಿಂತಿದೆ, ಟೆಸ್ಟ್ ಮಾಡಿಸುವಾಗ ಜೀವ ಹೋಗುತ್ತದೆ

ಒಳಗೆ ಒಣಗಿರುತ್ತದೆ, ಅದಕ್ಕೇ ನೋವು. ಪ್ಯಾಪ್ ಕೂಡ ಇದರಿಂದ ಗೊಂದಲದ್ದು ಬರಬಹುದು. ಕೆಲವು ವಾರ ಈಸ್ಟ್ರೊಜನ್ ಕ್ರೀಮ್ ಹಚ್ಚಿಕೊಂಡು ಬರಲು ಡಾಕ್ಟರ್ ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು. ಸಣ್ಣ ಸೈಜಿನ ಸ್ಪೆಕ್ಯುಲಮ್ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಸಂಕೋಚ ಬೇಡ.

ಎಚ್‌ಐವಿ ಇದ್ದವರಿಗೂ ಇದೇ ಲೆಕ್ಕವಾ?

ಸ್ವಲ್ಪ ಬಿಗಿ. ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ 12 ತಿಂಗಳಿಗೆ ಒಂದು, ಅದು ನೆಗೆಟಿವ್ ಬಂದರೂ ಮತ್ತೆ 12 ತಿಂಗಳಿಗೆ ಇನ್ನೊಂದು ಎನ್ನುತ್ತದೆ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತಪ್ಪಿಸದೆ ತೆಗೆದುಕೊಂಡರೆ ದೇಹ ಎಚ್‌ಪಿವಿಯನ್ನು ಎದುರಿಸುತ್ತದೆ.

ಏನಾದರೆ ತಾರೀಕಿಗೆ ಕಾಯದೆ ಹೋಗಬೇಕು?

ಲೀಪ್ ಆದ ಮೊದಲ ವಾರಗಳಲ್ಲಿ ಕಂದು, ಕಪ್ಪು, ಕಾಫಿ ಗಸಿಯಂಥ ಸ್ರಾವ ಬರುತ್ತದೆ. ರಕ್ತ ನಿಲ್ಲಲಿ ಅಂತ ಹಚ್ಚಿದ ಔಷಧಿಯ ಬಣ್ಣ ಅದು. ಕ್ರಯೊ ಆದವರಿಗೆ ವಾರಗಟ್ಟಲೆ ನೀರು ಹೋಗುತ್ತದೆ. ಇವು ಮಾಮೂಲು. ಜ್ವರ, ಕೆಟ್ಟ ವಾಸನೆ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಇವು ಮಾಮೂಲಲ್ಲ, ಆ ದಿನವೇ ಹೋಗಿ. ಆಮೇಲಿನ ವರ್ಷಗಳಲ್ಲಿ ಕೂಡಿದ ಮೇಲೆ ರಕ್ತ, ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ ತೋರಿಸಿ. ಹಿಂದಿನ ತಿಂಗಳಷ್ಟೇ ಟೆಸ್ಟ್ ನೆಗೆಟಿವ್ ಬಂದಿದೆ ಅಂತ ಸುಮ್ಮನಿರಬೇಡಿ.

ಊಟದಲ್ಲಿ ಪಥ್ಯ ಇದೆಯಾ?

ಇಲ್ಲ. ನಂಜು, ಉಷ್ಣ ಅಂತ ಬದನೆಕಾಯಿ ಬಿಡಬೇಕಿಲ್ಲ. ಬೀಡಿ ಸಿಗರೇಟು ಬಿಡಬೇಕು, ಅದು ವೈರಸ್ ಉಳಿಯಲು ಸಹಾಯ ಮಾಡುತ್ತದೆ.

ಖರ್ಚು? ಎಲ್ಲಿ ಮಾಡಿಸಬೇಕು?

ಎಚ್‌ಪಿವಿ ಟೆಸ್ಟ್ ಪ್ಯಾಪ್‌ಗಿಂತ ದುಬಾರಿ. ಖಾಸಗಿ ಲ್ಯಾಬುಗಳಲ್ಲಿ ದರ ಒಂದೊಂದು ಕಡೆ ಒಂದೊಂದು, ಮೂರು ಕಡೆ ಫೋನ್ ಮಾಡಿ ಕೇಳಿ. ಪ್ಯಾಪ್ ಮತ್ತು ಎಚ್‌ಪಿವಿ ಎರಡೂ ಸೇರಿಸಿದ ಪ್ಯಾಕೇಜನ್ನೇ ಮುಂದೆ ಮಾಡುತ್ತಾರೆ, ಸಾಮಾನ್ಯವಾಗಿ ಎಚ್‌ಪಿವಿ ಒಂದೇ ಸಾಕಾಗುತ್ತದೆ, ಡಾಕ್ಟರನ್ನು ಕೇಳಿ ತೀರ್ಮಾನಿಸಿ. ಬೆಂಗಳೂರಿನ ಕಿದ್ವಾಯಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸ್ತ್ರೀರೋಗ ಓಪಿಡಿ, ಇಲ್ಲಿ ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಟೆಸ್ಟ್ ಅಥವಾ ಚಿಕಿತ್ಸೆ ಬರುತ್ತದೆಯೇ ಅಂತ ಆಸ್ಪತ್ರೆಯಲ್ಲೇ ಕೂತಿರುವ ಆರೋಗ್ಯ ಮಿತ್ರರನ್ನು ಕೇಳಿ, ದುಡ್ಡು ಕಟ್ಟುವ ಮೊದಲು.

ತಾರೀಕು ತಪ್ಪಿಹೋಯಿತು. ನಾಲ್ಕು ವರ್ಷ ಆಯಿತು. ಈಗ ಹೋದರೆ ಬೈಯುತ್ತಾರೆ

ಬೈದರೆ ಬೈಯಿಸಿಕೊಳ್ಳಿ. ಈ ವಾರವೇ ಹೋಗಿ. ಮೊದಲಿನಿಂದ ಶುರು ಮಾಡುತ್ತಾರೆ ಅಷ್ಟೇ. ನನ್ನ ಆಫೀಸಿನವರೊಬ್ಬರು ಮಗಳ ಮದುವೆ, ಬಾಣಂತನ, ಕೊರೊನಾ ಎಂದು ಐದು ವರ್ಷ ಕಳೆದು ಹೋದರು. ಡಾಕ್ಟರಮ್ಮ ಬೈಯಲಿಲ್ಲ, "ಬಂದಿರಲ್ಲ, ಮಲಗಿ" ಎಂದರಂತೆ.

ಮಗಳು ಲಂಡನ್ನಿನಲ್ಲಿದ್ದಾಳೆ, ಅಲ್ಲಿ ಬೇರೆ ಲೆಕ್ಕ ಹೇಳುತ್ತಾರೆ

ಇಂಗ್ಲೆಂಡಿನಲ್ಲಿ 6 ತಿಂಗಳಿಗೆ ಎಚ್‌ಪಿವಿ ನೋಡುತ್ತಾರೆ, ನೆಗೆಟಿವ್ ಆದರೆ ನೇರ 3 ವರ್ಷಕ್ಕೆ ಕರೆಯುತ್ತಾರೆ. ಪಾಸಿಟಿವ್ ಆದರೆ ಕಾಲ್ಪೊಸ್ಕೊಪಿ. ಅಮೆರಿಕದಲ್ಲಿ ಮೇಲೆ ಹೇಳಿದ ಹಾಗೆ. ಎರಡೂ ಕಡೆ ಲೆಕ್ಕ ಹಾಕಿಯೇ ಮಾಡಿದ್ದಾರೆ, ಜಗಳ ಬೇಡ. ಇರುವ ದೇಶದ ಕ್ರಮ ಹಿಡಿಯಲಿ. ಆದರೆ ಇಲ್ಲಿ ಚಿಕಿತ್ಸೆ ಆಗಿ ಅಲ್ಲಿಗೆ ಹೋಗುವುದಾದರೆ ಬಯಾಪ್ಸಿ ರಿಪೋರ್ಟ್, ಲೀಪ್ ಆದ ತಾರೀಕು, ಆಮೇಲಿನ ಟೆಸ್ಟುಗಳ ಫಲಿತಾಂಶ, ಮೂರನ್ನೂ ಫೋಟೋ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಲಿ. ಇಲ್ಲವಾದರೆ ಅಲ್ಲಿನವರ ಕಂಪ್ಯೂಟರಿನಲ್ಲಿ ಅವಳು ಯಾವತ್ತೂ ಏನೂ ಆಗದ ಹುಡುಗಿ, ಎಲ್ಲರ ಸಾಲಿನಲ್ಲೇ ನಿಲ್ಲಿಸುತ್ತಾರೆ. ನನ್ನವು ಒಂದು ಹಸಿರು ಪ್ಲಾಸ್ಟಿಕ್ ಫೈಲಿನಲ್ಲಿ, ಮನೆ ಪತ್ರದ ಕೆಳಗೆ ಇವೆ. ಮಗಳಿಗೂ ಜಾಗ ತೋರಿಸಿದ್ದೇನೆ.